ಒಬ್ಬ ಪೂರ್ವಜನ ಜಾಡನ್ನು ಹಿಡಿದು

ಮನೆತನದ ಹಿರಿಯರನ್ನು ಕುರಿತ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಕಥೆಯೇ ಸಾಕ್ಷ್ಯವಾಗದು. ಇನ್ನೂರೈವತ್ತು ವರ್ಷಗಳ ಹಿಂದೆ ಗತಿಸಿದ ಒಬ್ಬನ ಸಂಸಾರವನ್ನೂ ಯುದ್ಧಕಾಲದ ಸೇವೆಯನ್ನೂ ನಿಶ್ಚಯವಾಗಿ ತಿಳಿಯುವುದು ಹೇಗೆ? ಜರ್ಮನಿಯಿಂದ ಅಮೆರಿಕೆಗೆ ವಲಸೆ ಹೋದ ಕಾನ್ರಾಡ್ ವೈಸರನ ನಿದರ್ಶನದಿಂದ ಇದನ್ನು ಪರಿಶೀಲಿಸೋಣ.

ವೈಸರನು 1696ರ ನವೆಂಬರ್ 2ರಂದು ವುರ್ಟೆಂಬರ್ಗ್ ಸಂಸ್ಥಾನದಲ್ಲಿ ಹುಟ್ಟಿದನು. 1709ರಲ್ಲಿ ತಾಯಿ ತೀರಿಕೊಂಡಳು. ಆ ವರ್ಷ ಯೂರೋಪನ್ನು ಅತಿ ಭೀಕರವಾದ ಚಳಿ ಕಾಡಿತು. ಮೊದಲೇ ಯುದ್ಧಗಳಿಂದ ಬಳಲಿದ್ದ ಸಾವಿರಾರು ಜರ್ಮನರು ಲಂಡನ್ನಿಗೆ ಹೊರಟರು. ಅವರಲ್ಲಿ ಸುಮಾರು 3,000 ಮಂದಿಯನ್ನು ಬ್ರಿಟಿಷ್ ಸರಕಾರವು 1710ರಲ್ಲಿ ನ್ಯೂಯಾರ್ಕ್ ಪ್ರಾಂತಕ್ಕೆ ಸಾಗಿಸಿತು. ಹಡಗುಗಳಿಗೆ ಬೇಕಾದ ಟಾರನ್ನು ಪೈನ್ ಮರಗಳಿಂದ ಅವರಿಂದ ತೆಗೆಯಿಸಬೇಕೆಂಬುದು ಉದ್ದೇಶ. ಯೋಜನೆ ಫಲಿಸಲಿಲ್ಲ, ಜನ ಚದರಿದರು. ಹದಿನಾರರ ಹುಡುಗನಾಗಿದ್ದ ವೈಸರನನ್ನು ತಂದೆಯು ಆ ನಾಡಿನ ಮೂಲನಿವಾಸಿಗಳಾದ ಮೊಹಾಕರ ನಡುವೆ ಬಿಟ್ಟನು. ಅಲ್ಲಿ ಅವನು ಅವರ ಭಾಷೆಯನ್ನು ಕಲಿತನು. 1720ರಲ್ಲಿ ಮದುವೆಯಾಗಿ, 1729ರಲ್ಲಿ ಪೆನ್ಸಿಲ್ವೇನಿಯಕ್ಕೆ ಬಂದು ಬೇಸಾಯಕ್ಕೆ ನಿಂತನು. ಹುಟ್ಟಿದ ಹದಿನಾಲ್ಕು ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ಏಳೇ ಮಂದಿ.

ಹಡಗಿನ ಪಟ್ಟಿ, ಚರ್ಚಿನ ದಾಖಲೆ, ಭೂಮಿಯ ಪತ್ರ, ಮರಣಶಾಸನ, ಇವು ಇಂಥ ಶೋಧನೆಯ ಸಾಧನಗಳು. ಇವುಗಳಲ್ಲಿ ತೊಡಕುಗಳಿಲ್ಲದಿಲ್ಲ. ತಂದೆ, ಮಗ ಇಬ್ಬರ ಹೆಸರೂ ಯೋಹಾನ್ ಕಾನ್ರಾಡ್ ವೈಸರ್! ಜರ್ಮನ್ ಮನೆಗಳಲ್ಲಿ ಅಣ್ಣತಮ್ಮಂದಿರೆಲ್ಲರಿಗೂ ‘ಯೋಹಾನ್’ ಎಂಬುದು ಮೊದಲ ಹೆಸರಾಗಿರುವುದು ಸಾಮಾನ್ಯವಾಗಿತ್ತು. ಕರೆಯುವ ಹೆಸರು ಎರಡನೆಯದು. ತಾರೀಖಿನ ತೊಡಕು ಇನ್ನೊಂದು. ಬ್ರಿಟಿಷ್ ವಸಾಹತುಗಳಲ್ಲಿ 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವೇ ನಡೆಯುತ್ತಿತ್ತು. ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಆದುದರಿಂದ ಅಂದಿನ ‘1730ರ ಫೆಬ್ರವರಿ’ ನಮ್ಮ ಎಣಿಕೆಯಲ್ಲಿ 1731ಕ್ಕೆ ಸೇರುತ್ತದೆ. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವನ್ನೇ 14 ಎಂದು ಎಣಿಸಿದರು. ಇದನ್ನರಿಯದೆ ಲೆಕ್ಕ ಹಾಕಿದವನಿಗೆ ಮದುವೆಗೆ ಮೊದಲೇ ಮಗು ಹುಟ್ಟಿದಂತೆ ಕಾಣಬಹುದು!

ಇನ್ನು ಯುದ್ಧಸೇವೆ. ಪೆನ್ಸಿಲ್ವೇನಿಯದ ಶಾಸನಸಭೆಯಲ್ಲಿ ಯುದ್ಧವಿರೋಧಿಗಳಾದ ಕ್ವೇಕರ್ ಪಂಥದವರು ಪ್ರಬಲರಾಗಿದ್ದುದರಿಂದ ಅಲ್ಲಿ ಕಡ್ಡಾಯ ನಾಗರಿಕ ಸೇನೆ ಇರಲಿಲ್ಲ. 1755ರ ಜುಲೈಯಲ್ಲಿ ಬ್ರಿಟಿಷ್ ಸೇನಾಪತಿ ಬ್ರಾಡಕ್ಕನು ಫ್ರೆಂಚರಿಂದಲೂ ಅವರ ಮಿತ್ರರಿಂದಲೂ ಸೋತನು. ಅಕ್ಟೋಬರಿನಲ್ಲಿ ಡೆಲವೇರ್ ಜನರು ಗಡಿಯ ಹಳ್ಳಿಗಳ ಮೇಲೆ ಬಿದ್ದರು. ಆಗ ವೈಸರನು ನೆರೆಹೊರೆಯ ಜರ್ಮನ್ ರೈತರನ್ನು ಕೂಡಿಸಿ ಪಡೆ ಕಟ್ಟಿದನು. 1756ರಲ್ಲಿ ಪ್ರಾಂತದ ಪಡೆಯ ಮೊದಲ ಬೆಟಾಲಿಯನ್ನಿಗೆ ಲೆಫ್ಟಿನೆಂಟ್ ಕರ್ನಲ್ ಆಗಿ ಗಡಿಯ ಕೋಟೆಗಳ ಕಾವಲನ್ನು ವಹಿಸಿದನು.

ಇಷ್ಟನ್ನೇ ಓದಿದ ವಂಶಜನು ಹೆಮ್ಮೆಪಟ್ಟಾನು. ಆದರೆ ದಾಖಲೆಗಳು ಇನ್ನೂ ಹೇಳುತ್ತವೆ. 1737ರಲ್ಲಿ ಡೆಲವೇರರು ಮೋಸದ ಅಳತೆಯಿಂದ ಬಹು ವಿಸ್ತಾರವಾದ ಭೂಮಿಯನ್ನು ಕಳೆದುಕೊಂಡಿದ್ದರು. ಆ ನೆಲವನ್ನು ಬಿಟ್ಟು ತೊಲಗಬೇಕೆಂದು 1742ರ ಸಭೆಯಲ್ಲಿ ಅವರಿಗೆ ಆಜ್ಞೆಯಾದಾಗ ದುಭಾಷಿಯಾಗಿದ್ದವನು ವೈಸರನೇ! ಸೈನಿಕರ ಪಟ್ಟಿಯು ಹೆಸರನ್ನೂ ಹುದ್ದೆಯನ್ನೂ ತಿಳಿಸುತ್ತದೆ. ಯುದ್ಧದ ಕಾರಣವನ್ನು ಅರಿಯಲು ಬೇರೆ ಕಾಗದಗಳನ್ನು ತೆರೆಯಬೇಕು.

ಇಂದಿನ ಡಿ.ಎನ್.ಎ. ಪರೀಕ್ಷೆಯಿಂದ ಇದೆಲ್ಲ ಸುಲಭವಾಗದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಣ್ಣದೊಂದು ಲೆಕ್ಕ ಮಾಡೋಣ. ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಪ್ರತಿ ತಲೆಮಾರಿಗೂ ಸಂಖ್ಯೆ ಇಮ್ಮಡಿಸುತ್ತದೆ. ಹತ್ತು ತಲೆಮಾರು, ಎಂದರೆ ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋದರೆ 1,024 ಸ್ಥಾನಗಳು! ಸರಾಸರಿಯಲ್ಲಿ ಒಬ್ಬೊಬ್ಬನ ಪಾಲು ಸಾವಿರದಲ್ಲೊಂದಕ್ಕಿಂತಲೂ ಕಡಿಮೆ. ವಸ್ತುತಃ ಡಿ.ಎನ್.ಎ. ದೊಡ್ಡ ತುಣುಕುಗಳಾಗಿ ಹಂಚಿಹೋಗುವುದರಿಂದ, ಆ ಪೂರ್ವಜರಲ್ಲಿ ಹಲವರಿಂದ ನಮಗೆ ಒಂದು ಚೂರೂ ಬಂದಿರಲಾರದು. ತಂದೆಯಿಂದ ಮಗನಿಗೆ ಹೆಚ್ಚು ಕಡಮೆ ಯಥಾವತ್ತಾಗಿ ಬರುವ ವೈ ವರ್ಣತಂತು ಗಂಡುಸಂತತಿಯ ಜಾಡನ್ನು ತೋರಬಲ್ಲುದು. ಆದರೆ ಇಬ್ಬರು ಕಾನ್ರಾಡರಲ್ಲಿ ತಂದೆ ಯಾರು, ಮಗ ಯಾರು ಎಂಬುದನ್ನು ಅದು ಹೇಳಲಾರದು. ಹೆಣ್ಣುಮಕ್ಕಳ ಸಂತತಿಯ ವಿಷಯದಲ್ಲಂತೂ ಅದು ಮೂಕ.

ವೈಸರನ ಕೀರ್ತಿ ಬೆಳೆದುದು ಮಗಳ ಸಂತತಿಯಲ್ಲಿಯೇ. 1745ರಲ್ಲಿ ಅನ್ನ ಮರಿಯಳು ಪಾದ್ರಿ ಮೂಲೆನ್‌ಬರ್ಗನನ್ನು ಮದುವೆಯಾದಳು. ಅವಳ ಮಕ್ಕಳಲ್ಲಿ ಒಬ್ಬನು ಸ್ವಾತಂತ್ರ್ಯ ಯುದ್ಧದ ಸೇನಾನಿ, ಇನ್ನೊಬ್ಬನು 1789ರಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಮೊದಲ ಅಧ್ಯಕ್ಷ, ಮತ್ತೊಬ್ಬನು ಸಸ್ಯಶಾಸ್ತ್ರಜ್ಞ. ‘ಮೂಲೆನ್‌ಬರ್ಗಿಯ’ ಎಂಬ ಹುಲ್ಲಿನ ಕುಲಕ್ಕೆ ಈತನದೇ ಹೆಸರು.

ರಕ್ತದ ಗುರುತು ಅಳಿಸಿಹೋಗಬಹುದು, ಬರೆದಿಟ್ಟುದು ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬದೆ ಮತ್ತೊಂದರೊಡನೆ ತಾಳೆ ನೋಡುವಂತೆ, ಪೂರ್ವಜರ ವಿಷಯದಲ್ಲಿಯೂ ಒಂದು ಸಾಕ್ಷ್ಯವನ್ನು ಇನ್ನೊಂದರಿಂದ ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಿ ಕಂಡುದು ಹೆಮ್ಮೆಯದಾಗಲಿ, ನೋವಿನದಾಗಲಿ, ಅದನ್ನು ಇದ್ದಂತೆಯೇ ಒಪ್ಪಿಕೊಳ್ಳುವುದು ವಿಜ್ಞಾನದ ರೀತಿ.