ಆಲಿ ಎದುರು ಟೈಸನ್: ನಡೆಯದ ಪಂದ್ಯವನ್ನು ತೂಗುವ ಬಗೆ

ಮುಹಮ್ಮದ್ ಆಲಿ ಮತ್ತು ಮೈಕ್ ಟೈಸನ್ ಇಬ್ಬರೂ ತಮ್ಮ ಉಚ್ಛ್ರಾಯ ಕಾಲದಲ್ಲಿ ಎದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು? ಬಾಕ್ಸಿಂಗ್ ನೋಡುವ ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಜಿ.ಆರ್. ವಿಶ್ವನಾಥ್ ಇವತ್ತಿನ ಬುಮ್ರಾ ಬೌಲಿಂಗಿಗೆ ಹೇಗೆ ಆಡುತ್ತಿದ್ದರು ಎಂದು ನಮ್ಮ ಕ್ರಿಕೆಟ್ ಪ್ರಿಯರು ಕೇಳಿಕೊಳ್ಳುವ ಹಾಗೆಯೇ ಇದು. ಆದರೆ ವಾದ ಬಹುತೇಕ ಸಲ ಹತ್ತೇ ನಿಮಿಷದಲ್ಲಿ ದಾರಿ ತಪ್ಪುತ್ತದೆ. ಒಬ್ಬರು ಗೆದ್ದ ಪಂದ್ಯಗಳ ಲೆಕ್ಕ ಒಪ್ಪಿಸುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ನಾಕೌಟ್ ತುಣುಕುಗಳನ್ನು ತೋರಿಸುತ್ತಾರೆ. ಮತ್ತೊಬ್ಬರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲು ಒಪ್ಪದ ಆಲಿಯ ಧೈರ್ಯದ ಮಾತೆತ್ತುತ್ತಾರೆ. ಎಲ್ಲವೂ ನಿಜವೇ, ಆದರೆ ಯಾವುದರಿಂದಲೂ ಉತ್ತರ ಸಿಗುವುದಿಲ್ಲ. ಯಾರು ದೊಡ್ಡವರು ಎಂಬುದು ಒಂದು ಪ್ರಶ್ನೆ, ರಿಂಗ್‌ನೊಳಗೆ ಏನಾಗುತ್ತಿತ್ತು ಎಂಬುದು ಬೇರೆಯೇ ಪ್ರಶ್ನೆ. ಈ ಎರಡನೆಯದಕ್ಕೆ ಸಾಕ್ಷ್ಯಗಳಿವೆ, ಅವನ್ನು ಜೋಡಿಸುವ ಕ್ರಮವೂ ಇದೆ.

ಮೊದಲು ತಾರೀಕು ಗೊತ್ತುಮಾಡಿಕೊಳ್ಳಬೇಕು. ಆಲಿಯ ಮಟ್ಟಿಗೆ ನಾನು ಆರಿಸುವುದು 1966ರ ನವೆಂಬರ್ 14. ಹ್ಯೂಸ್ಟನ್ನಿನ ಆಸ್ಟ್ರೋಡೋಮಿನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಅವರನ್ನು ಮೂರನೇ ರೌಂಡಿನಲ್ಲೇ ಮುಗಿಸಿದ ಆ ದಿನ ಆಲಿಗೆ 24 ವರ್ಷ. ಸೇನೆಯ ಪ್ರಕರಣದಿಂದಾಗಿ 1967ರ ಮಾರ್ಚ್ ನಂತರ ಮೂರೂವರೆ ವರ್ಷ ರಿಂಗ್ ಅವರಿಂದ ದೂರವಾಯಿತು. 1970ರ ಅಕ್ಟೋಬರಿನಲ್ಲಿ ಮರಳಿದಾಗ ಕಾಲುಗಳಲ್ಲಿ ಆ ಹಳೆಯ ಚುರುಕು ಉಳಿದಿರಲಿಲ್ಲ. ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ಜಾರ್ಜ್ ಫೋರ್‌ಮನ್ ಗುದ್ದುಗಳನ್ನು ತಾಳಿಕೊಂಡ ಆಲಿಯೇ ಹೆಚ್ಚಿನವರ ಮನಸ್ಸಿನಲ್ಲಿ ಉಳಿದಿರುವುದು, ಆದರೆ ಅದು ಬೇರೆ ಬಾಕ್ಸರ್ ಎಂದೇ ತಿಳಿಯಬೇಕು. ಟೈಸನ್‌ಗೆ 1988ರ ಜೂನ್ 27 ಸರಿಯಾದ ದಿನ. ಅಟ್ಲಾಂಟಿಕ್ ಸಿಟಿಯಲ್ಲಿ ಮೈಕೆಲ್ ಸ್ಪಿಂಕ್ಸ್ 91 ಸೆಕೆಂಡಿಗೇ ನೆಲ ಕಚ್ಚಿದರು. ಟೈಸನ್‌ಗೆ 22 ತುಂಬಲು ಇನ್ನೂ ಮೂರು ದಿನ ಬಾಕಿ ಇತ್ತು. ಅದೇ ವರ್ಷ ತರಬೇತುದಾರ ಕೆವಿನ್ ರೂನಿ ಅವರನ್ನು ಕೈಬಿಟ್ಟ ಮೇಲೆ, ತಲೆಯನ್ನು ಅತ್ತಿತ್ತ ಆಡಿಸುತ್ತ ಒಳನುಗ್ಗುವ ಶಿಸ್ತು ಸಡಿಲವಾಗುತ್ತ ಹೋಯಿತು.

ಆಮೇಲೆ ನಿಯಮ. ಆಲಿಯ ಕಾಲದ ಚಾಂಪಿಯನ್‌ಷಿಪ್ ಪಂದ್ಯ 15 ರೌಂಡಿನದು. 1982ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ ಪಂದ್ಯದ ಪೆಟ್ಟಿನಿಂದ ತೀರಿಕೊಂಡ ನಂತರ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಅದನ್ನು 12ಕ್ಕೆ ಇಳಿಸಿತು, ಉಳಿದ ಸಂಸ್ಥೆಗಳು ಕ್ರಮೇಣ ಹಿಂಬಾಲಿಸಿದವು. ನಾನು ಈ ಪಂದ್ಯವನ್ನು 12 ರೌಂಡಿಗೇ ಇಡುತ್ತೇನೆ, ಆಲಿಯ ಕಡೆ ವಾಲಿದೆ ಎಂಬ ಆಕ್ಷೇಪ ಬರಬಾರದು. ಹಳೆಯ ಕಾಲದ ಚಾಂಪಿಯನ್ ಜಾಕ್ ಡೆಂಪ್ಸಿಯನ್ನು ವಾದಕ್ಕೆ ಎಳೆದು ತರುವವರಂತೂ ನಿಯಮವನ್ನು ಮರೆಯಲೇಬಾರದು. 1919ರಲ್ಲಿ ಜೆಸ್ ವಿಲ್ಲರ್ಡ್ ಮೊದಲ ರೌಂಡಿನಲ್ಲೇ ಏಳು ಸಲ ಬಿದ್ದರು. ಬಿದ್ದವರು ಏಳುತ್ತಿದ್ದ ಹಾಗೇ ಹೊಡೆಯಲು ಡೆಂಪ್ಸಿ ಪಕ್ಕದಲ್ಲೇ ನಿಂತಿದ್ದರು. ಇಂದು ಕೆಡವಿದವರು ದೂರದ ಮೂಲೆಗೆ ಹೋಗಿ ನಿಲ್ಲಬೇಕು. ಎದುರಾಳಿಯನ್ನು ತಬ್ಬಿ ಹಿಡಿಯುವ ಕ್ಲಿಂಚನ್ನು ರೆಫ್ರಿ ಎಷ್ಟು ಹೊತ್ತು ಸಹಿಸುತ್ತಾರೆ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಆಲಿ–ಟೈಸನ್ ವಿಷಯದಲ್ಲಿ ಗವಸಿನ ತೂಕಕ್ಕಿಂತ ಇದೇ ಮುಖ್ಯ.

ವಾದದಲ್ಲಿ ಅತಿ ಹೆಚ್ಚು ಕೇಳಿಬರುವ ತರ್ಕವನ್ನು ಇಲ್ಲಿ ತಳ್ಳಿಹಾಕಿಬಿಡೋಣ. ಲ್ಯಾರಿ ಹೋಮ್ಸ್ ಆಲಿಯನ್ನು ಸೋಲಿಸಿದರು, ಟೈಸನ್ ಹೋಮ್ಸ್ ಅವರನ್ನು ನಾಲ್ಕನೇ ರೌಂಡಿಗೇ ಕೆಡವಿದರು, ಆದ್ದರಿಂದ ಟೈಸನ್ ಆಲಿಗಿಂತ ಮೇಲು ಎನ್ನುತ್ತಾರೆ. 1980ರ ಅಕ್ಟೋಬರಿನಲ್ಲಿ ಹೋಮ್ಸ್ ಎದುರು ನಿಂತ ಆಲಿಗೆ 38 ವರ್ಷ. 1988ರ ಜನವರಿಯಲ್ಲಿ ಟೈಸನ್ ಎದುರು ನಿಂತ ಹೋಮ್ಸ್‌ಗೂ 38 ವರ್ಷ, ಅದೂ ನಿವೃತ್ತಿಯಿಂದ ಎದ್ದು ಬಂದು. ಎರಡು ಪಂದ್ಯಗಳೂ ವಯಸ್ಸಿನ ಬಗ್ಗೆ ಹೇಳುತ್ತವೆ, ಬೇರೇನನ್ನೂ ಹೇಳುವುದಿಲ್ಲ. ಆಡುವವರೆಲ್ಲ ಗಟ್ಟಿಯಾಗಿದ್ದಾಗಲೂ ಈ ಸರಪಳಿ ನಿಲ್ಲುವುದಿಲ್ಲ. 1971ರಲ್ಲಿ ಜೋ ಫ್ರೇಜಿಯರ್ ಆಲಿಯನ್ನು ಸೋಲಿಸಿದರು. 1973ರಲ್ಲಿ ಫೋರ್‌ಮನ್ ಎರಡೇ ರೌಂಡಿನಲ್ಲಿ ಫ್ರೇಜಿಯರ್ ಅವರನ್ನು ಆರು ಸಲ ಕೆಡವಿದರು. 1974ರಲ್ಲಿ ಆಲಿ ಫೋರ್‌ಮನ್ ಅವರನ್ನು ಎಂಟನೇ ರೌಂಡಿನಲ್ಲಿ ನಾಕೌಟ್ ಮಾಡಿದರು. ಬಗ್ಗಿ ಒಳಗೆ ಬರುವ ಫ್ರೇಜಿಯರ್ ನೇರವಾಗಿ ಫೋರ್‌ಮನ್ ಅಪ್ಪರ್‌ಕಟ್‌ನ ದಾರಿಗೇ ಬರುತ್ತಿದ್ದರು, ಹಗ್ಗಕ್ಕೆ ಒರಗಿ ಹಿಂದಕ್ಕೆ ಬಾಗುವ ಆಲಿ ಅದರ ದಾರಿಗೆ ಸಿಗುತ್ತಿರಲಿಲ್ಲ. ಶೈಲಿಗೆ ಶೈಲಿ ಎದುರಾಗುವ ಆಟದಲ್ಲಿ ಶ್ರೇಯಾಂಕಕ್ಕೆ ಬೆಲೆ ಕಡಿಮೆ.

ಹಾಗಾಗಿ ಕೇಳಬೇಕಾದದ್ದು: ಆಲಿ ಟೈಸನ್ ಥರದವರೊಡನೆ ಹೇಗೆ ಆಡಿದರು, ಟೈಸನ್ ಆಲಿ ಥರದವರೊಡನೆ ಹೇಗೆ ಆಡಿದರು?

ಮೊದಲನೆಯದಕ್ಕೆ ಒಳ್ಳೆಯ ಸಾಕ್ಷಿ ಫ್ಲಾಯ್ಡ್ ಪ್ಯಾಟರ್ಸನ್. ಟೈಸನ್‌ಗೆ ಪಾಠ ಹೇಳಿದ ಕಸ್ ಡಮಾಟೊ ಅವರೇ ಪ್ಯಾಟರ್ಸನ್‌ಗೂ ಗುರು. ಎರಡೂ ಗವಸು ಕೆನ್ನೆಗೆ ಒತ್ತಿ, ಮೈ ಕುಗ್ಗಿಸಿ, ನೆಗೆದು ಲೆಫ್ಟ್ ಹುಕ್ ಹೊಡೆಯುವ ಪೀಕ್-ಅ-ಬೂ ಶೈಲಿ ಇಬ್ಬರದೂ. 1965ರಲ್ಲಿ ಪ್ಯಾಟರ್ಸನ್ ಅವರನ್ನು ಆಲಿ 12ನೇ ರೌಂಡಿನವರೆಗೂ ಜ್ಯಾಬ್‌ನಿಂದ ಕಾಡಿ ಸೋಲಿಸಿದರು. ಆದರೆ ಪ್ಯಾಟರ್ಸನ್ ಬೆನ್ನುನೋವಿನಿಂದ ಒದ್ದಾಡುತ್ತಿದ್ದರು, ಅವರ ಹೊಡೆತದಲ್ಲಿ ಟೈಸನ್‌ನ ಭಾರವೂ ಇರಲಿಲ್ಲ. ಆಲಿಗೆ ವಿರುದ್ಧವಾದ ಸಾಕ್ಷ್ಯ ಇನ್ನೂ ಗಟ್ಟಿ. 1962ರಲ್ಲಿ ಸಾನಿ ಬ್ಯಾಂಕ್ಸ್, 1963ರಲ್ಲಿ ಹೆನ್ರಿ ಕೂಪರ್, 1971ರ 15ನೇ ರೌಂಡಿನಲ್ಲಿ ಫ್ರೇಜಿಯರ್: ಮೂವರೂ ಆಲಿಯನ್ನು ನೆಲಕ್ಕೆ ಕೆಡವಿದ್ದು ಲೆಫ್ಟ್ ಹುಕ್ಕಿನಿಂದ. ಕೈ ಕೆಳಗಿಟ್ಟು, ಗದ್ದ ಹಿಂದಕ್ಕೆಳೆದು ತಪ್ಪಿಸಿಕೊಳ್ಳುವ ಅವರ ಅಭ್ಯಾಸದಲ್ಲಿದ್ದ ಸಂದು ಅದು. ಟೈಸನ್‌ನ ಅತ್ಯುತ್ತಮ ಹೊಡೆತಗಳಲ್ಲೊಂದು ಅದೇ. ಮೂರು ಸಲವೂ ಆಲಿ ಎದ್ದು ನಿಂತರು ಎಂಬುದನ್ನೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.

ಟೈಸನ್ ಕಡೆ ಬನ್ನಿ. 1986ರಲ್ಲಿ ಜೇಮ್ಸ್ ಟಿಲ್ಲಿಸ್ ಕಾಲಾಡಿಸುತ್ತ ಹತ್ತು ರೌಂಡೂ ಉಳಿದರು. 1987ರಲ್ಲಿ ಎತ್ತರದ ಟೋನಿ ಟಕರ್ ಮೊದಲ ರೌಂಡಿನಲ್ಲೇ ಅಪ್ಪರ್‌ಕಟ್ ತಾಗಿಸಿ, ಆಮೇಲೆ ಹನ್ನೆರಡೂ ರೌಂಡು ನಿಂತರು. ಅದೇ ವರ್ಷ ಜೇಮ್ಸ್ ಸ್ಮಿತ್ ಬರೀ ತಬ್ಬಿಕೊಂಡೇ ಪಂದ್ಯ ಕಳೆದರು. ಈ ಎಲ್ಲ ಪಂದ್ಯಗಳನ್ನೂ ಟೈಸನ್ ಗೆದ್ದರು, ಆದರೆ ನಾಕೌಟ್ ಮಾಡಲು ಆಗಲಿಲ್ಲ. 1990ರಲ್ಲಿ ಟೋಕಿಯೊದಲ್ಲಿ ಉದ್ದ ತೋಳಿನ ಬಸ್ಟರ್ ಡಗ್ಲಸ್ ಜ್ಯಾಬ್‌ನಿಂದಲೇ ದಾರಿ ಮಾಡಿಕೊಂಡು ಹತ್ತನೇ ರೌಂಡಿನಲ್ಲಿ ನಾಕೌಟ್ ಮಾಡಿದರು. ಆ ಟೈಸನ್ ನಾವು ಆರಿಸಿದ 1988ರ ಟೈಸನ್ ಅಲ್ಲ, ಹಾಗಾಗಿ ಡಗ್ಲಸ್ ಸಾಕ್ಷ್ಯವನ್ನು ಅರ್ಧಕ್ಕೇ ಒಪ್ಪಬೇಕು. ಟಕರ್ ಸಾಕ್ಷ್ಯವನ್ನು ಮಾತ್ರ ಪೂರ್ತಿ ಒಪ್ಪಲೇಬೇಕು.

ಈ ಪಂದ್ಯಗಳನ್ನು ತುಣುಕುಗಳಲ್ಲಿ ನೋಡಬೇಡಿ, ಇಡೀ ರೌಂಡು ನೋಡಿ. ಕಾಮೆಂಟರಿಯ ಸದ್ದು ಅಡಗಿಸಿದರೆ ಇನ್ನೂ ಒಳ್ಳೆಯದು. ಒಮ್ಮೆ ಬರೀ ಪಾದಗಳನ್ನೇ ಗಮನಿಸಿ: ವಿಲಿಯಮ್ಸ್ ಎದುರು ಆಲಿ ಒಂದೆಡೆ ಎರಡು ಕ್ಷಣ ನಿಲ್ಲುವುದು ಅಪರೂಪ, ಹಿಂದೆ ಸರಿಯುತ್ತಲೇ ಹೊಡೆಯುತ್ತಾರೆ.

ಲೆಕ್ಕವನ್ನು ಯಂತ್ರಕ್ಕೆ ಬಿಡಬಹುದಲ್ಲ ಎನ್ನುವವರಿಗೆ ಮಯಾಮಿಯ ಮರ್ರಿ ವೊರೋನರ್ ಕಥೆ ಇದೆ. 1967ರಲ್ಲಿ ಅವರು ಕಂಪ್ಯೂಟರ್ ತೀರ್ಪಿನ ಮೇಲೆ ರೇಡಿಯೋದಲ್ಲಿ ಸಾರ್ವಕಾಲಿಕ ಹೆವಿವೇಟ್ ಟೂರ್ನಿ ನಡೆಸಿದರು. ಅದರಲ್ಲಿ ಆಲಿ ಜಿಮ್ ಜೆಫ್ರೀಸ್‌ಗೆ ಸೋತರು! ಸಿಟ್ಟಿಗೆದ್ದ ಆಲಿ ಹತ್ತು ಲಕ್ಷ ಡಾಲರಿನ ದಾವೆ ಹೂಡಿದರು. ರಾಜಿಯ ಫಲವಾಗಿ 1969ರಲ್ಲಿ ಆಲಿ ಮತ್ತು ರಾಕಿ ಮಾರ್ಸಿಯಾನೊ ಕ್ಯಾಮೆರಾ ಮುಂದೆ ಪಂದ್ಯ ನಟಿಸಿದರು. 45ರ ಮಾರ್ಸಿಯಾನೊ ಮೈ ಇಳಿಸಿ, ವಿಗ್ ತೊಟ್ಟು ಬಂದಿದ್ದರು. ಹಲವು ಅಂತ್ಯಗಳನ್ನು ಚಿತ್ರೀಕರಿಸಿಕೊಳ್ಳಲಾಯಿತು. 1970ರ ಜನವರಿ 20ರಂದು ಅಮೆರಿಕದ ಥಿಯೇಟರುಗಳಲ್ಲಿ ಮಾರ್ಸಿಯಾನೊ 13ನೇ ರೌಂಡಿನಲ್ಲಿ ಗೆದ್ದರು. ಅದನ್ನು ನೋಡಲು ಅವರಿರಲಿಲ್ಲ, ಹಿಂದಿನ ಆಗಸ್ಟಿನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಯಂತ್ರಕ್ಕೆ ಉಣಿಸಿದ್ದು ಮನುಷ್ಯರ ಅಂದಾಜುಗಳನ್ನೇ ಆದ್ದರಿಂದ ಹೊರಬಂದದ್ದೂ ಅಂದಾಜೇ.

ಇನ್ನು ನನ್ನ ತೀರ್ಪು. ಆಲಿ 191 ಸೆಂ.ಮೀ. ಎತ್ತರ, ಕೈ ಚಾಚಿದರೆ 198. ಟೈಸನ್ 178 ಮತ್ತು 180. ಮೊದಲ ನಾಲ್ಕು ರೌಂಡು ಟೈಸನ್‌ರದ್ದು. ಜ್ಯಾಬ್ ಕೆಳಗೆ ನುಸುಳಿ ಪಕ್ಕೆಗೆ ಹೊಡೆದು, ಅದೇ ಕೈಯನ್ನು ಗದ್ದಕ್ಕೆತ್ತುತ್ತಾರೆ. ಆಲಿ ಒಮ್ಮೆ ಬೀಳುತ್ತಾರೆ, ಏಳುತ್ತಾರೆ. ಒಳಗೆ ಬಂದ ಟೈಸನ್‌ನ ಕತ್ತಿಗೆ ಕೈ ಹಾಕಿ ತಬ್ಬಿ ಉಸಿರು ತೆಗೆದುಕೊಳ್ಳುತ್ತಾರೆ. ಐದನೇ ರೌಂಡಿನಿಂದ ಟೈಸನ್‌ನ ತಲೆಯಾಟ ನಿಧಾನವಾಗುತ್ತದೆ, ಒಂದೊಂದೇ ಹೊಡೆತಕ್ಕೆ ಇಳಿಯುತ್ತಾರೆ, ಜ್ಯಾಬ್ ಹಣೆಗೆ ತಾಗತೊಡಗುತ್ತದೆ. 12 ರೌಂಡು ಮುಗಿದಾಗ ಅಂಕಗಳ ಮೇಲೆ ಆಲಿ, ಅಂತರ ಸಣ್ಣದು. ರೆಫ್ರಿ ಕ್ಲಿಂಚ್ ಬಿಡಿಸುವುದರಲ್ಲಿ ಬಿಗಿಯಾಗಿದ್ದರೆ ಈ ತೀರ್ಪಿನ ಮೇಲೆ ಪಣ ಕಟ್ಟಲು ನನಗೆ ಧೈರ್ಯವಿಲ್ಲ. ತಾರೀಕನ್ನು 1971ರ ಮಾರ್ಚ್ 8ಕ್ಕೆ, ಅಂದರೆ ಫ್ರೇಜಿಯರ್ ಎದುರು ನಿಂತ ಆಲಿಗೆ ಸರಿಸಿದರೆ ಗೆಲುವು ಟೈಸನ್‌ರದ್ದೇ. ಆ ಆಲಿ ಹಗ್ಗಕ್ಕೆ ಒರಗಿ ನಿಲ್ಲುವುದು ಹೆಚ್ಚು, ಅಲ್ಲಿ ನಿಂತವರನ್ನು 1988ರ ಟೈಸನ್ ಆರನೇ ರೌಂಡಿನವರೆಗೆ ಉಳಿಸುತ್ತಿರಲಿಲ್ಲ.