ವಜನ ಇಳಿಯಲಿಲ್ಲ ಅಂತ ನಡಿಗೆ ಬಿಡಬ್ಯಾಡ್ರಿ

ಸಾಂಗಲಿ: ಬೆಳಗಿನ ಹೊತ್ತು ಇಲ್ಲಿಯ ಆಮರಾಯಿ ಉದ್ಯಾನಕ್ಕೋ ಕೃಷ್ಣಾ ನದಿಯ ಘಾಟಿನ ಕಡೆಗೋ ಹೋದರೆ ನಡೆಯಲು ಬಂದವರ ಮಾತಿನಲ್ಲಿ ಮರಾಠಿಯ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ. ಜತ್ತ, ಕಾಗವಾಡ, ಅಥಣಿ ಕಡೆಯಿಂದ ನೌಕರಿ, ವ್ಯಾಪಾರ, ಮಕ್ಕಳ ಶಾಲೆ ಅಂತ ಬಂದು ನೆಲೆ ನಿಂತ ಮನೆತನಗಳು ಸಾಂಗಲಿ-ಮಿರಜದಲ್ಲಿ ಬಹಳ. ನಡಿಗೆ ಶುರು ಮಾಡಿದವರ ದೂರು ಮಾತ್ರ ಯಾವ ಭಾಷೆಯಲ್ಲಾದರೂ ಒಂದೇ: "ಅನ್ನ ಕಮ್ಮಿ ಮಾಡೇನಿ, ಸಕ್ಕರಿ ಬಿಟ್ಟೇನಿ, ಹದಿನೈದು ದಿನ ಆತು ದಿನಾ ನಡೀತೇನಿ. ಕಾಟಾದ ಮ್ಯಾಲೆ ನಿಂತ್ರ ಅರ್ಧಾ ಕಿಲೋ ಏರೇತಿ!"

ಹೀಗೆ ಬೇಸತ್ತು ಮೂರನೇ ವಾರಕ್ಕೆ ಬೂಟು ಮೂಲೆಗೆ ಎಸೆಯುವವರು ಒಬ್ಬಿಬ್ಬರಲ್ಲ. ಆದರೆ ಕಾಟಾ ಏರಿದ ಮಾತ್ರಕ್ಕೆ ಬೊಜ್ಜು ಏರಿದೆ ಎಂದು ಅರ್ಥವಲ್ಲ. ಆ ಹದಿನೈದು ದಿನಗಳಲ್ಲಿ ದೇಹದೊಳಗೆ ಒಳ್ಳೆಯ ಕೆಲಸ ಶುರುವಾಗಿರುತ್ತದೆ. ಅದನ್ನು ತೋರಿಸುವ ಶಕ್ತಿ ಕಾಟಾಕ್ಕೆ ಇಲ್ಲ, ಅಷ್ಟೇ.

ಕಾಟಾ ತೂಗುವುದು ಏನನ್ನು?

ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ಉಳಿದದ್ದರಲ್ಲಿ ಎಲುಬು, ಮಾಂಸಖಂಡ, ಕೊಬ್ಬು, ಹೊಟ್ಟೆಯಲ್ಲಿ ಇನ್ನೂ ಅರಗದ ಊಟ ಎಲ್ಲ ಸೇರಿವೆ. ಕಾಟಾ ಇದನ್ನೆಲ್ಲ ಒಂದೇ ಗಂಟು ಕಟ್ಟಿ ಒಂದು ಅಂಕಿ ಹೇಳುತ್ತದೆ. ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ಬಿಡಿಸಿ ಹೇಳುವುದಿಲ್ಲ.

ವ್ಯಾಯಾಮ ಶುರು ಮಾಡಿದಾಗ ಮೊದಲು ಬದಲಾಗುವುದು ನೀರಿನ ಲೆಕ್ಕ. ರೂಢಿ ಇಲ್ಲದ ಮಾಂಸಖಂಡ ನೋಯುತ್ತದೆ, ಸ್ವಲ್ಪ ಬಾತುಕೊಳ್ಳುತ್ತದೆ. ಅದರ ರಿಪೇರಿಗೆ ದೇಹ ಅಲ್ಲಿ ನೀರು ಹಿಡಿದಿಡುತ್ತದೆ. ರಕ್ತದಲ್ಲಿನ ದ್ರವದ ಪ್ರಮಾಣವೂ ಮೊದಲ ವಾರಗಳಲ್ಲಿ ಹೆಚ್ಚುತ್ತದೆ. ದುಡಿಮೆಗೆ ಬೇಕಾಗುವ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಮಾಂಸಖಂಡಗಳು ಮೊದಲಿಗಿಂತ ಹೆಚ್ಚು ಕೂಡಿಡುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಇಷ್ಟಾದರೆ ಅರ್ಧ-ಒಂದು ಕಿಲೋ ಏರಲು ಸಾಕು.

ಇದರ ಉಲ್ಟಾವೂ ಆಗುತ್ತದೆ. ಅನ್ನ, ರೊಟ್ಟಿ ಎರಡೂ ಬಿಟ್ಟವರಿಗೆ ಮೊದಲ ವಾರವೇ ಒಂದೆರಡು ಕಿಲೋ ಇಳಿದು ಬಹಳ ಖುಷಿಯಾಗುತ್ತದೆ. ಅದರಲ್ಲಿ ಬಹುಪಾಲು ಗ್ಲೈಕೋಜನ್ ಖಾಲಿಯಾಗಿ ಹೊರಟ ನೀರು. ಮದುವೆ ಮನೆಯಲ್ಲಿ ಒಂದು ದಿನ ಉಂಡರೆ ಆ ನೀರು ಮರಳಿ ಬರುತ್ತದೆ, "ಡಾಯೆಟ್ ಕೆಟ್ಟಿತು" ಎಂದು ಮನಸ್ಸು ಮುದುಡುತ್ತದೆ.

ಲೆಕ್ಕ ಹಾಕಿದರೆ ಈ ಭಯ ಹೋಗುತ್ತದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಒಂದು ವಡಾಪಾವಿಗೆ 300 ಕ್ಯಾಲೊರಿ ಎಂದು ಹಿಡಿದರೂ, ಒಂದೇ ದಿನಕ್ಕೆ ಒಂದು ಕಿಲೋ ಕೊಬ್ಬು ಸೇರಬೇಕಾದರೆ ಮಾಮೂಲಿ ಊಟದ ಮೇಲೆ ಇಪ್ಪತ್ತೈದಕ್ಕೂ ಹೆಚ್ಚು ವಡಾಪಾವು ತಿನ್ನಬೇಕು! ರಾತ್ರಿ ಬೆಳಗಾಗುವಷ್ಟರಲ್ಲಿ ಏರಿಳಿಯುವುದು ನೀರು, ಉಪ್ಪು ಮತ್ತು ಹೊಟ್ಟೆಯಲ್ಲಿನ ಊಟ.

ನೂರು ಗ್ರಾಂ ಕಥೆ

ನೀರಿನ ಈ ಆಟ ಎಂಥದ್ದು ಎಂದು ಇಡೀ ದೇಶ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಡಿತು. 50 ಕಿಲೋ ವಿಭಾಗದ ಕುಸ್ತಿಯಲ್ಲಿ ಆಗಸ್ಟ್ 6ರಂದು ಮೂರು ಪಂದ್ಯ ಗೆದ್ದು ಫೈನಲ್ ತಲುಪಿದ್ದ ವಿನೇಶ್ ಫೋಗಟ್, ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ಪಂದ್ಯದ ದಿನ ತೆಗೆದುಕೊಂಡ ನೀರು, ಆಹಾರದಿಂದ ಏರಿದ್ದ ತೂಕವನ್ನು ರಾತ್ರಿಯಿಡೀ ಬೆವರು ಹರಿಸಿ ಇಳಿಸಲು ನೋಡಿದರೂ ಅಷ್ಟು ಉಳಿಯಿತು. ಪದಕದ ಹುಡುಗಿಗೆ ಆ ನೂರು ಗ್ರಾಂ ಮುಖ್ಯ. ಆರೋಗ್ಯಕ್ಕಾಗಿ ನಡೆಯುವ ಗೃಹಿಣಿಗೆ ಅದರಿಂದ ಏನೂ ಆಗಬೇಕಿಲ್ಲ.

ಕುಸ್ತಿಯ ಮಾತು ಸಾಂಗಲಿಗೆ ಹೊಸದಲ್ಲ. ಇದೇ ಜಿಲ್ಲೆಯ ಕವಠೆ ಪಿರಾನದ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಪೈಲ್ವಾನರು. ಈಚಿನ ಉದಾಹರಣೆ ಬೇಕಾದರೆ ಸಾಂಗಲಿಯ ಹುಡುಗ ಸಂಕೇತ್ ಸರಗರ್ ಇದ್ದಾರೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ, 55 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಅವತ್ತು ಅವರು ಎತ್ತಿದ ದೊಡ್ಡ ಭಾರ 135 ಕಿಲೋ, ಅಂದರೆ ತಮ್ಮ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚು. 55 ಕಿಲೋ ತೂಗುವವರು ನಮ್ಮ ಓಣಿಯಲ್ಲೂ ಇದ್ದಾರೆ, ಒಂದು ಸಿಲಿಂಡರ್ ಸರಿಸಲು ಏದುಸಿರು ಬಿಡುತ್ತಾರೆ. ಕಾಟಾದ ಅಂಕಿ ಒಂದೇ, ಒಳಗಿನ ಸರಕು ಬೇರೆ.

ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ

"ನಮ್ಮ ಮನೆಯವ್ರು ತೆಳ್ಳಗ ಅದಾರ, ಅವರಿಗೆ ಯಾಕ ಶುಗರ್ ಬಂತು?" ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿಸಿ ಇದನ್ನು ಜಗತ್ತಿಗೆ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2!

ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ನಮ್ಮ ಜನರ ಮೈಕಟ್ಟೇ ಬಹುಮಟ್ಟಿಗೆ ಇಂಥದ್ದು ಎಂದು ತಜ್ಞರು ಹೇಳುತ್ತಾರೆ. ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೂಡುವ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಬೇಕಾದ ಮಾಂಸಖಂಡ ನಮ್ಮಲ್ಲಿ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜು ಮಾಡಿದೆ. ಹೀಗಾಗಿ ಬರೀ ತೂಕ ಇಳಿಸಿದರೆ ಆಗದು. ಕೊಬ್ಬು ಇಳಿಯಬೇಕು, ಮಾಂಸಖಂಡ ಉಳಿಯಬೇಕು.

ಉಪವಾಸದ ಪೆಟ್ಟು

ಕಾಟಾ ಏರಿತೆಂದು ಗಾಬರಿಯಾದವರು ಮಾಡುವ ಮೊದಲ ತಪ್ಪು ಇನ್ನಷ್ಟು ಉಪವಾಸ. ಬೆಳಿಗ್ಗೆ ಚಹಾ, ಮಧ್ಯಾಹ್ನ ಕಾಕಡಿ, ರಾತ್ರಿ ಮಜ್ಜಿಗೆ! ಕಾಟಾ ಖಂಡಿತ ಇಳಿಯುತ್ತದೆ. ಆದರೆ ವ್ಯಾಯಾಮವಿಲ್ಲದೆ ಬರೀ ಊಟ ಬಿಟ್ಟು ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶ, ಅದರಲ್ಲಿ ಮಾಂಸಖಂಡವೂ ಸೇರಿರುತ್ತದೆ. ಮೆಟ್ಟಿಲು ಹತ್ತಲು ಆಗದಂಥ ನಿಶ್ಶಕ್ತಿ ಬರುತ್ತದೆ. ಉಪವಾಸ ಬಿಟ್ಟ ಮೇಲೆ ಮರಳಿ ಬರುವುದು ಹೆಚ್ಚಾಗಿ ಕೊಬ್ಬೇ.

ಮಾಂಸಖಂಡ ಉಳಿಸುವುದು ಎರಡು: ಭಾರದ ಕೆಲಸ ಮತ್ತು ಪ್ರೋಟೀನು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಜೊತೆಗೆ ವಾರದಲ್ಲಿ ಎರಡು ದಿನ ಶಕ್ತಿ ಹೆಚ್ಚಿಸುವ ವ್ಯಾಯಾಮ ಇರಬೇಕು. ಇದಕ್ಕೆ ಜಿಮ್ಮೇ ಆಗಬೇಕೆಂದಿಲ್ಲ. ತಾಲೀಮಿನ ಬೈಠಕ್ಕನ್ನು ಕುರ್ಚಿ ಹಿಡಿದು ಅರ್ಧಕ್ಕೆ ಮಾಡಬಹುದು, ಗೋಡೆಗೆ ಕೈಯೂರಿ ದಂಡ ತೆಗೆಯಬಹುದು.

ಪ್ರೋಟೀನು ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಬೇಕು ಎಂಬುದು ನಮ್ಮ ದೇಶದ ಪೋಷಣಾ ಮಾನದಂಡ. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬರವಿಲ್ಲ. ಜೋಳದ ರೊಟ್ಟಿಯ ಜೊತೆ ಮೊಳಕೆ ಮಟಕಿ ಉಸಳಿ, ಝುಣಕ, ಬ್ಯಾಳಿ, ಮೊಸರು ಇರಲಿ. ತಿನ್ನುವವರಿಗೆ ತತ್ತಿ ಇರಲಿ. ಶೇಂಗಾ ಹಿಂಡಿ ಒಳ್ಳೆಯದೇ, ಆದರೆ ನೂರು ಗ್ರಾಂ ಶೇಂಗಾದಲ್ಲಿ 550 ಕ್ಯಾಲೊರಿ ದಾಟುತ್ತದೆ, ಒಂದೆರಡು ಚಮಚೆ ಸಾಕು. ಇನ್ನು ಅರ್ಧ ಗಂಟೆ ನಡೆದದ್ದಕ್ಕೆ ಸುಮಾರು ನೂರು ಕ್ಯಾಲೊರಿ ಖರ್ಚಾಗುತ್ತದೆ. ಬರುವ ದಾರಿಯಲ್ಲಿ ಒಂದು ಪ್ಲೇಟು ಭಡಂಗ್ ತಿಂದರೆ ಲೆಕ್ಕ ಚುಕ್ತಾ!

ಟೇಪು ಹಿಡಿಯಿರಿ

ಹಾಗಾದರೆ ಸುಧಾರಣೆ ಆಗಿದೆ ಎಂದು ತಿಳಿಯುವುದು ಹೇಗೆ? ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಡುಮಧ್ಯೆ, ಉಸಿರು ಸಹಜವಾಗಿ ಹೊರಬಿಟ್ಟಾಗ ಸುತ್ತಳತೆ ತೆಗೆಯಬೇಕು. ಹೊಟ್ಟೆ ಎಳೆದುಕೊಂಡು ಅಳೆದರೆ ಮೋಸ ನಮಗೇ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಎಚ್ಚರಿಕೆಯ ಗಂಟೆ.

ಎರಡು ವಾರಕ್ಕೊಮ್ಮೆ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಕಾಟಾ ಬಿಡಬೇಕೆಂದಿಲ್ಲ, ವಾರಕ್ಕೊಮ್ಮೆ ಸಾಕು: ಬೆಳಿಗ್ಗೆ ಶೌಚ ಮುಗಿಸಿ, ಚಹಾ ಕುಡಿಯುವ ಮೊದಲು, ಅದೇ ಕಾಟಾದ ಮೇಲೆ. ಒಂದು ವಾರದ ಅಂಕಿ ನಂಬದೆ ನಾಲ್ಕು ವಾರದ ಒಟ್ಟು ದಿಕ್ಕು ನೋಡಿ. ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಂತು ತೂಕ ಏರುವುದು ಸಹಜ. ಅಂಥವರು ಹಿಂದಿನ ತಿಂಗಳ ಅದೇ ದಿನಗಳ ಜೊತೆ ಹೋಲಿಸಬೇಕು. ಬ್ಲೌಸು ಸಡಿಲಾಯಿತೇ, ಬೆಲ್ಟು ಒಂದು ತೂತು ಒಳಗೆ ಹೋಯಿತೇ, ಮೂರನೇ ಮಜಲಿಗೆ ದಮ್ಮು ಹತ್ತದೆ ಏರಿದಿರೇ, ಇವೂ ಅಳತೆಗಳೇ.

ಜಿಮ್ಮುಗಳಲ್ಲಿ ಕೊಬ್ಬಿನ ಶೇಕಡಾ ಚೀಟಿ ಕೊಡುವ ಯಂತ್ರಗಳು ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುತ್ತವೆ. ನೀರು ಕುಡಿದದ್ದು, ಬೆವರಿದ್ದು ಎಲ್ಲ ಲೆಕ್ಕ ತಪ್ಪಿಸುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಹತ್ತಬಾರದು.

ಮೊದಲು ಡಾಕ್ಟರ್ ಮಾತು

1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿಷನ್ ಆಸ್ಪತ್ರೆ ಆರಂಭಿಸಿದ ಕಾಲದಿಂದ ಮಿರಜಕ್ಕೆ ಆಸ್ಪತ್ರೆಗಳ ಊರೆಂದೇ ಹೆಸರು. ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದ ಇಂದಿಗೂ ಜನ ಇಲ್ಲಿಗೆ ಬರುತ್ತಾರೆ. ಆದರೆ ರೋಗ ಬಂದ ಮೇಲೆ ಬರುವವರೇ ಹೆಚ್ಚು. ಇನ್ಸುಲಿನ್ ಅಥವಾ ಶುಗರ್ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳುವ ಭಯವಿದೆ. ನಡೆಯುವಾಗ ಎದೆ ನೋವು, ಎದೆ ಬಿಗಿತ ಬಂದರೆ ಅಲ್ಲೇ ನಿಂತು ತಕ್ಷಣ ಆಸ್ಪತ್ರೆಗೆ ಹೋಗಬೇಕು. ವಾರದಲ್ಲಿ ಏಕಾಏಕಿ ಎರಡು-ಮೂರು ಕಿಲೋ ಏರಿ ಕಾಲು ಬಾತರೆ, ಉಬ್ಬಸ ಬಂದರೆ ಅದು ವ್ಯಾಯಾಮದ ನೀರಲ್ಲ, ಕೂಡಲೇ ತೋರಿಸಬೇಕು.

ಉಳಿದವರು ಧೈರ್ಯವಾಗಿ ಮುಂದುವರಿಯಬಹುದು. ಎರಡು ವಾರಕ್ಕೆ ಕಾಟಾ ಏನೇ ಹೇಳಲಿ, ಎರಡು-ಮೂರು ತಿಂಗಳಿಗೆ ಟೇಪು ಏನು ಹೇಳುತ್ತದೆ ಎಂದು ಕಾಯಬೇಕು. ಹೆಂಡತಿ ಬೇಸತ್ತು ಕುಳಿತ ದಿನ ಗಂಡ ಎಬ್ಬಿಸಿಕೊಂಡು ಹೋಗಲಿ, ಗಂಡ ಮುಸುಕು ಎಳೆದ ದಿನ ಹೆಂಡತಿ ಎಳೆಯಲಿ.