ಮಕ್ಕಳ ಮನಸ್ಸನ್ನು ಪರೀಕ್ಷಿಸುವವರು ಯಾರು?

ತುರುವೇಕೆರೆ ತಾಲ್ಲೂಕಿನ ತೋಟದ ರೈತರೊಬ್ಬರು ಒಂದು ದಿನ ನಮ್ಮ ಆಫೀಸಿಗೆ ಬಂದು, ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳದೆ, ಬಾಗಿಲ ಬಳಿಯೇ ನಿಂತು, “ಅಮ್ಮಾ, ಅಲ್ಲಿರೋರೆಲ್ಲ ಡಾಕ್ಟ್ರೇನಾ? ನಮ್ಮ ಮಗೀಗೆ ಹುಚ್ಚು ಅಂತ ಬರ್ಕೊಟ್ಟುಬಿಟ್ರೆ ಏನು ಗತಿ?” ಎಂದು ಕೇಳಿದರು. ಎಂಟನೆಯ ತರಗತಿಯಲ್ಲಿದ್ದ ಅವರ ಮಗಳನ್ನು, ಮಕ್ಕಳ ಮಾನಸಿಕ ಆರೋಗ್ಯವನ್ನೂ ಬೆಳವಣಿಗೆಯನ್ನೂ ಪರಿಶೋಧಿಸುವ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಕರೆದುಕೊಂಡು ಹೋಗಿರೆಂದು ಹೇಳಿದ್ದವರು ನಾವೇ. ಆದರೆ ಅಲ್ಲಿ ಯಾರಿರುವರು, ಅವರು ಏನು ಓದಿದವರು, ಯಾರ ಕೆಲಸ ಯಾವುದು ಎಂಬುದಕ್ಕೆ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಆಮೇಲೆ ವಿಚಾರಿಸಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇವೆ. ಇದೇ ಸಂದೇಹವು ಬೇರೆ ತಾಯಿತಂದೆಗಳಿಗೂ ಇರಬಹುದು. ಮಗಳಿಗೆ ಮುಂದೇನು ಓದಿಸಲೆಂದು ಕೇಳುವ ನಮ್ಮ ಹಿರಿಯ ವಿದ್ಯಾರ್ಥಿನಿಯರಿಗೂ ಇದರಿಂದ ಪ್ರಯೋಜನವಾದೀತು.

ಆ ಹುಡುಗಿಯ ವಿಷಯದಲ್ಲಿ ತಪ್ಪು ನಮ್ಮದಾಗಿತ್ತು. ಪುಸ್ತಕವನ್ನು ತೆರೆದೊಡನೆ ಆಕೆ ಮೂಕಳಾಗುತ್ತಿದ್ದಳು. ಒತ್ತಕ್ಷರ ಬಂದಲ್ಲಿ ನಿಂತುಬಿಡುವಳು; ಹಲಗೆಯ ಮೇಲಿರುವುದನ್ನು ನೋಡಿ ಬರೆದರೂ ಅಕ್ಷರಗಳು ಅದಲುಬದಲಾಗುವುವು. ನಾವು ಮೊದಲು ಸೋಮಾರಿಯೆಂದೆವು, ಬಳಿಕ ಮಂದಬುದ್ಧಿಯೆಂದೆವು, ಕಡೆಗೆ ಹಿಂದಿನ ಬೆಂಚಿಗೆ ಕಳುಹಿಸಿದೆವು. ಎರಡು ವರ್ಷ ಹೀಗೆ ಕಳೆಯಿತು. ಆಮೇಲೆ ಆಕೆಗೆ ಪ್ರತಿದಿನವೂ ಶಾಲೆಯ ಹೊತ್ತಿಗೆ ಹೊಟ್ಟೆನೋವು ಬರಲಾರಂಭಿಸಿತು. ಗೆಳತಿಯರೊಡನೆ ಬುತ್ತಿ ಬಿಚ್ಚುವುದನ್ನೂ ಬಿಟ್ಟಳು. ಆಗಲೇ ನಮ್ಮ ಕಣ್ಣು ತೆರೆದದ್ದು.

ತಿಪಟೂರಿನಲ್ಲಿ ರೈಲು ಹತ್ತಿದ ತಂದೆಮಗಳು ಎರಡು ದಿನ ಬೆಂಗಳೂರಿನಲ್ಲಿದ್ದರು. ಮೊದಲು ಅವರನ್ನು ಮಾತನಾಡಿಸಿದವರು ಡಾಕ್ಟರಲ್ಲ. ಹುಳಿಯಾರಿನ ಕಡೆಯವರಾದ ಒಬ್ಬ ತರುಣಿ, ನಮ್ಮ ಸೀಮೆಯ ಮಾತಿನಲ್ಲೇ, ಮನೆಯಲ್ಲಿ ಎಷ್ಟು ಜನ, ತೋಟ ಎಷ್ಟು, ಈ ವರ್ಷ ಕಾಯಿ ಹೇಗೆ ಎಂದು ವಿಚಾರಿಸಿದರಂತೆ. ಯಾವ ಸಾಲಿನ ಮರ ಎಷ್ಟು ಕಾಯಿ ಬಿಟ್ಟಿತು, ಅಟ್ಟಕ್ಕೆ ಹಾಕಿದ್ದೆಷ್ಟು, ಸುಲಿಸಿದ್ದೆಷ್ಟು, ಉಂಡೆಕೊಬ್ಬರಿಯ ದರ ಕಳೆದ ಸಂತೆಗೂ ಈ ಸಂತೆಗೂ ಎಷ್ಟು ಇಳಿಯಿತು ಎಂಬುದನ್ನೆಲ್ಲ ನಮ್ಮ ಹುಡುಗಿಯು ಬಾಯಿಲೆಕ್ಕದಲ್ಲಿ ತಡೆಯಿಲ್ಲದೆ ಹೇಳಿದಳು. ನಮ್ಮೆದುರಿಗೆ ಆಕೆ ಅಷ್ಟು ಮಾತನ್ನು ಎಂದೂ ಆಡಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ಆ ತರುಣಿಯು ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿ, ಮನೋರೋಗಿಗಳ ಕುಟುಂಬಗಳೊಡನೆ ಕೆಲಸಮಾಡುವುದರಲ್ಲಿ ವಿಶೇಷ ತರಬೇತಿ ಹೊಂದಿದವರು. ಮಗುವಿನ ಮನೆ, ದುಡಿಮೆ, ಸಾಲ, ಜಗಳ, ಸಾವು ಇವುಗಳನ್ನು ತಿಳಿಯದೆ ಮಗುವನ್ನು ತಿಳಿಯಲಾಗದೆಂಬ ಕಾರಣದಿಂದ ಇಂಥವರನ್ನು ಅಲ್ಲಿ ಇಟ್ಟಿರುವರು.

ಬಳಿಕ ಬಂದವರು ಚಿಕಿತ್ಸಾ ಮನಶ್ಶಾಸ್ತ್ರವನ್ನು ಕಲಿತವರು. ಇವರು ಔಷಧ ಬರೆದುಕೊಡುವವರಲ್ಲ. ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅನಂತರ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ಇನ್ನೆರಡು ವರ್ಷ ಕಲಿಯುವುದು ಬಹುಕಾಲ ನಡೆದುಬಂದ ಕ್ರಮ. ಈಚೆಗೆ ಪದವಿಗಳ ಹೆಸರೂ ಕ್ರಮವೂ ಬದಲಾಗುತ್ತಿರುವುದರಿಂದ, ಸೇರುವವರು ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆಯುಳ್ಳ ಶಿಕ್ಷಣವೇ ಎಂದು ಮೊದಲು ವಿಚಾರಿಸತಕ್ಕದ್ದು. ಇವರು ಹುಡುಗಿಯ ಕೈಗೆ ಮರದ ತುಂಡುಗಳನ್ನು ಕೊಟ್ಟು ಜೋಡಿಸೆಂದರು, ಅಂಕಿಗಳನ್ನು ಹೇಳಿ ತಿರುಗಿ ಹೇಳೆಂದರು, ಓದಿಸಿದರು, ಬರೆಯಿಸಿದರು. ತಲೆಗೆ ಕರೆಂಟು ಕೊಡುವರೆಂದು ಯಾರೋ ಹೆದರಿಸಿದ್ದ ತಂದೆಯವರು ಊರಿಗೆ ಬಂದ ಮೇಲೆ ನೆರೆಯವರಿಗೆ, “ಅಟ್ಟದ ಕಾಯಿನ ಕಿವಿ ಹತ್ರ ಅಲ್ಲಾಡ್ಸಿ ನೋಡ್ತೀವಲ್ಲ, ಹಂಗೆ ಕಣಪ್ಪ, ಒಡೆದೇನೂ ನೋಡಲ್ಲ” ಎಂದರಂತೆ. ನಾವು ಇದಕ್ಕಿಂತ ಚೆನ್ನಾಗಿ ವಿವರಿಸಲಾರೆವು.

ಇಂಥ ಪರೀಕ್ಷೆಗಳು ಎಲ್ಲಿಂದ ಬಂದುವೆಂಬುದನ್ನೂ ಹೇಳಬೇಕು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ನೆರವಾಗಲೆಂದು ೧೯೦೫ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೋನ್ ಎಂಬವರು ಮೊದಲ ಮಾಪಕವನ್ನು ರಚಿಸಿದರು. ಆದರೆ ಫ್ರೆಂಚ್ ಮಗುವಿಗೆ ಕೇಳುವ ಪ್ರಶ್ನೆಯನ್ನು ನೊಣವಿನಕೆರೆಯ ಮಗುವಿಗೆ ಕೇಳಿ, ಉತ್ತರ ಬರಲಿಲ್ಲವೆಂದು ದಡ್ಡನೆನ್ನುವುದು ನ್ಯಾಯವೇ? ಧಾರವಾಡದಲ್ಲಿ ಡಾ. ವಿ. ವಿ. ಕಾಮತರು ಆ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ಅವರ ಗ್ರಂಥವು ೧೯೪೦ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, ೧೯೨೪ರಲ್ಲಿಯೇ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿದ್ದರು. (೧೯೩೫ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಇವರೇ.) ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ತೆರೆದಾಗ ವೈದ್ಯರಿಗೆ ಮಾತ್ರವಲ್ಲದೆ ಮನಶ್ಶಾಸ್ತ್ರಜ್ಞರಿಗೂ ದಾದಿಯರಿಗೂ ಒಂದೇ ಆವರಣದಲ್ಲಿ ಶಿಕ್ಷಣವನ್ನು ಕೊಡುವ ಏರ್ಪಾಡಾಯಿತು. ೧೯೭೪ರಲ್ಲಿ ಅದೇ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಎನಿಸಿತು.

ಎರಡನೆಯ ದಿನ ಹುಡುಗಿಯ ಕಿವಿಯ ಪರೀಕ್ಷೆಯಾಯಿತು. ಕಿವಿ ಸರಿಯಾಗಿ ಕೇಳದ ಎಷ್ಟೋ ಮಕ್ಕಳು ದಡ್ಡರೆನಿಸಿಕೊಳ್ಳುವುದುಂಟು. ಆದುದರಿಂದ ಇದನ್ನು ಬಿಡುವಂತಿಲ್ಲ. ಈ ವಿದ್ಯೆಯನ್ನು ಕಲಿಸಲೆಂದೇ ೧೯೬೫ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಅಲ್ಲಿ ನಾಲ್ಕು ವರ್ಷದ ಪದವಿಯಿದೆ. ಮನೋವೈದ್ಯರನ್ನು ಆಕೆ ಕಂಡದ್ದು ಕಡೆಯಲ್ಲಿ. ಇವರು ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯದಲ್ಲಿ ಎಂ.ಡಿ. ಮಾಡಿದವರು, ಕೆಲವರು ಅದರ ಮೇಲೂ ಮೂರು ವರ್ಷ ಮಕ್ಕಳ ವಿಷಯವನ್ನೇ ಓದಿ ಡಿ.ಎಂ. ಪಡೆಯುವರು. ಉಳಿದವರೆಲ್ಲರ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಅವರು ತಂದೆಗೆ ಹೇಳಿದರು: ಬುದ್ಧಿಗೆ ಏನೂ ಕೊರತೆಯಿಲ್ಲ, ಅಕ್ಷರವನ್ನು ಗ್ರಹಿಸುವುದರಲ್ಲಿ ತೊಡಕಿದೆ, ಹೊಟ್ಟೆನೋವು ಹೆದರಿಕೆಯದು, ಮಾತ್ರೆ ಬೇಡ. ಓದು ಕಲಿಸುವ ಬಗೆಯನ್ನು ತೋರಿಸಿಕೊಟ್ಟವರು ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಿದ ಉಪಾಧ್ಯಾಯಿನಿ, ಅಂದರೆ ನಮ್ಮ ಕಸುಬಿನವರೇ.

ಇನ್ನು ಸಂಶೋಧನೆಯ ವಿಷಯ. ಒಂದು ಮಗುವಿನ ತೊಡಕನ್ನು ಬಿಡಿಸುವುದು ಬೇರೆ, ಸಾವಿರ ಮಕ್ಕಳನ್ನು ನೋಡಿ ತೊಡಕಿನ ಮೂಲವನ್ನು ಹುಡುಕುವುದು ಬೇರೆ. ಈ ಎರಡನೆಯದಕ್ಕೆ ಇನ್ನೂ ಕೆಲವು ಬಗೆಯ ಜನರು ಬೇಕು. ನಮ್ಮ ಓದುಗರಲ್ಲಿ ಎಷ್ಟೋ ಮಂದಿಗೆ ಪರಿಚಿತವಾದ ಮೈಸೂರಿನ ಮಿಷನ್ ಆಸ್ಪತ್ರೆಯನ್ನೇ ತೆಗೆದುಕೊಳ್ಳೋಣ. ವೆಸ್ಲಿಯನ್ ಮಿಷನ್ನಿನವರು ೧೯೦೬ರಲ್ಲಿ ತೆರೆದ ಈ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಳೆದು ದಾಖಲೆಯಲ್ಲಿ ಬರೆದಿಟ್ಟಿದ್ದರು. ಹಾಗೆ ಬರೆದಿಟ್ಟವರಲ್ಲಿ ಯಾರೂ, ತಾವು ಸಂಶೋಧನೆ ಮಾಡುತ್ತಿದ್ದೇವೆಂದು ಎಣಿಸಿರಲಾರರು. ರಾತ್ರಿಯ ಹೆರಿಗೆ ಮುಗಿಸಿ, ಕೈತೊಳೆದುಕೊಂಡು, ದೀಪದ ಬೆಳಕಿನಲ್ಲಿ ಅಂಕಿ ಬರೆದು ಮಲಗಿದವರು. ಸುಮಾರು ಅರವತ್ತು ವರ್ಷಗಳ ಮೇಲೆ ಇಂಗ್ಲೆಂಡಿನ ಮತ್ತು ಇಲ್ಲಿಯ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಅಲ್ಲಿ ಹುಟ್ಟಿದ ಜನರನ್ನು ಮೈಸೂರಿನಲ್ಲಿ ಹುಡುಕಿ, ಹುಟ್ಟಿನ ತೂಕಕ್ಕೂ ಮುಪ್ಪಿನ ರೋಗಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿದರು. ೧೯೯೭–೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಮಕ್ಕಳು ಆರುನೂರಕ್ಕೂ ಹೆಚ್ಚು ಮಂದಿಯನ್ನು ಹುಟ್ಟಿನಿಂದಲೂ ಮರಳಿಮರಳಿ ನೋಡುತ್ತ ಬಂದರು. ಒಂಬತ್ತು ಹತ್ತು ವರ್ಷದವರಾದಾಗ ಅವರ ಜ್ಞಾಪಕಶಕ್ತಿ, ಕಲಿಯುವ ಶಕ್ತಿಗಳನ್ನು ಅಳೆದರು. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಸೊಪ್ಪು ಕಾಳುಗಳಲ್ಲಿರುವ ಫೋಲೇಟ್ ಹೆಚ್ಚಾಗಿದ್ದ ಮಕ್ಕಳು ಆ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದುದು ೨೦೧೦ರಲ್ಲಿ ಪ್ರಕಟವಾಯಿತು. ಇಂಥ ಕೆಲಸಕ್ಕೆ ವೈದ್ಯರು ಬೇಕು. ರಕ್ತವನ್ನು ಪರೀಕ್ಷಿಸುವವರು, ಅಂಕಿಗಳನ್ನು ಕೂಡಿಸಿ ಅರ್ಥಮಾಡುವ ಸಂಖ್ಯಾಶಾಸ್ತ್ರಜ್ಞರು ಬೇಕು. ಮನೆ ಬದಲಾಯಿಸಿದ ಸಂಸಾರವನ್ನು ಬೀದಿಬೀದಿ ವಿಚಾರಿಸಿ ಪತ್ತೆಹಚ್ಚಿ, ಬೇಸರಗೊಂಡ ತಾಯಿಯನ್ನು ಮತ್ತೊಮ್ಮೆ ಒಪ್ಪಿಸುವ ಹೆಣ್ಣುಮಕ್ಕಳೂ ಬೇಕು. ಇವರಿಲ್ಲದಿದ್ದರೆ ಉಳಿದವರ ಮುಂದೆ ಮಗುವೇ ಇರುವುದಿಲ್ಲ.

ನಿಮ್ಹಾನ್ಸಿನವರು ಬೆಂಗಳೂರು ನಗರ ಮತ್ತು ಹಳ್ಳಿಗಳ ೨,೦೬೪ ಮಕ್ಕಳನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ೧೨.೫ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ನಲವತ್ತು ಮಂದಿಯ ತರಗತಿಗೆ ಐವರೆಂದಾಯಿತು. ಐವರನ್ನೂ ಬೆಂಗಳೂರಿಗೆ ಕಳುಹಿಸಲಾಗುವುದಿಲ್ಲ, ಕಳುಹಿಸಬೇಕಾದುದೂ ಇಲ್ಲ. ಅಲ್ಲಿಯ ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಅವರು ಇದನ್ನು ಅರಿತೇ ಶಾಲೆಯ ಉಪಾಧ್ಯಾಯರಿಗೆ ತರಬೇತಿ ಕೊಡುವುದರಲ್ಲಿ ಬಹಳ ಶ್ರಮಪಟ್ಟರು.

ನಮ್ಮ ಹುಡುಗಿಯು ಈಗ ಹತ್ತನೆಯ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾಳೆ. ಓದು ಇನ್ನೂ ನಿಧಾನವೇ. ಇಂಥ ಮಕ್ಕಳಿಗೆ ಪರೀಕ್ಷಾ ಮಂಡಲಿಯು ಕೊಡುವ ಹೆಚ್ಚಿನ ಕಾಲಾವಕಾಶಕ್ಕಾಗಿ ಅರ್ಜಿ ಹಾಕಿದ್ದೇವೆ. ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಪರೀಕ್ಷೆಯ ವಾರದಲ್ಲಿ ಬರುತ್ತದೆ.

ಹಿರಿಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ದಾದಿಯರು, ಸಮಾಜಕಾರ್ಯಕರ್ತೆಯರು, ವಾಕ್ ಶ್ರವಣ ವಿದ್ಯೆಯನ್ನು ಕಲಿತವರು, ಇಂಥ ಸಂಸ್ಥೆಗಳಲ್ಲಿ ಗುಮಾಸ್ತೆಯರಾಗಿರುವವರು ಇದ್ದರೆ, ಎಲ್ಲಿ ಓದಿದಿರಿ, ಎಷ್ಟು ವರ್ಷ ಹಿಡಿಯಿತು, ಫೀಜು ಎಷ್ಟಾಯಿತು, ಹಾಸ್ಟೆಲು ಸಿಕ್ಕಿತೇ ಎಂಬುದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿರಿ. ಪತ್ರಗಳನ್ನು ಹೊಲಿದು ಪುಸ್ತಕಮಾಡಿ ಲೈಬ್ರರಿಯ ಬಾಗಿಲ ಬಳಿಯ ಮೇಜಿನ ಮೇಲೆ ಇಡುತ್ತೇವೆ. ಇದುವರೆಗೆ ಮೂರು ಪತ್ರಗಳು ಬಂದಿವೆ.